ಕುಲ ಕೇಳಬೇಕೋ, ಕಾಲು ನೋಡಬೇಕೋ?

ನಮ್ಮ ಕೃಷ್ಣಮೂರ್ತಿಪುರಂನಲ್ಲಿ ಹೊಸದಾಗಿ ಬಾಡಿಗೆಗೆ ಬಂದವರನ್ನು ಮೊದಲು ಹೆಸರು ಕೇಳುವ ಪದ್ಧತಿ ಇಲ್ಲ. ‘ಯಾವ ಕಡೆಯವರು?’ ಎಂಬುದು ಮೊದಲ ಪ್ರಶ್ನೆ. ‘ಯಾರ ಪೈಕಿ?’ ಎಂಬುದು ಎರಡನೆಯದು. ಮೂರನೆಯ ಪ್ರಶ್ನೆಗೆ ಹೋಗುವಷ್ಟರಲ್ಲಿ ಇಬ್ಬರಿಗೂ ಗೊತ್ತಿರುವ ನೆಂಟರೊಬ್ಬರು ಸಿಕ್ಕಿ, ಒಳಗೆ ಕಾಫಿಗೆ ನೀರಿಟ್ಟಾಗಿರುತ್ತದೆ. ಹೆಸರು ಕೇಳುವುದು ಹೊರಡುವಾಗ, ಕುಂಕುಮ ಕೊಡುವ ಹೊತ್ತಿಗೆ. ಬಡಾವಣೆಯ ಹೆಸರಿಗೇ ಒಂದು ವಂಶಾವಳಿ ಇದೆಯಲ್ಲ! 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದ ಪಿ.ಎನ್. ಕೃಷ್ಣಮೂರ್ತಿಯವರ ಹೆಸರೇ ಇದಕ್ಕೆ ಬಂದದ್ದೆಂದು ಹಿರಿಯರು ಹೇಳುತ್ತಾರೆ. ಅವರು ಟೀಪುವಿನ ಕಾಲದಿಂದ ಹೆಸರಾದ ದಿವಾನ್ ಪೂರ್ಣಯ್ಯನವರ ವಂಶದವರು.

ಇದೇ ‘ಯಾರ ಪೈಕಿ’ಯನ್ನು ಕುದುರೆ ಸಾಕುವವರೂ ಕೇಳುತ್ತಾರೆ ಎಂದು ನನಗೆ ತಿಳಿದದ್ದು ನಮ್ಮ ಚಿಕ್ಕಪ್ಪನಿಂದ. ಅವರು ಪಶುಸಂಗೋಪನಾ ಇಲಾಖೆಯಲ್ಲಿದ್ದವರು. 1960ರ ದಶಕದಲ್ಲಿ ಕೆಲವು ವರ್ಷ ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಕೆಲಸ ಮಾಡಿದರು. ರಜೆಗೆ ಮೈಸೂರಿಗೆ ಬಂದಾಗ ನಡುಮನೆಯ ಕಂಬಕ್ಕೆ ಒರಗಿ ಕುಳಿತು, ಯಾವ ಹೆಣ್ಣು ಕುದುರೆಗೆ ಯಾವ ಬೀಜದ ಕುದುರೆಯನ್ನು ಗೊತ್ತು ಮಾಡಬೇಕೆಂದು ಅಲ್ಲಿ ನಡೆಯುವ ಚರ್ಚೆಯನ್ನು ಸ್ವಾರಸ್ಯವಾಗಿ ಹೇಳುತ್ತಿದ್ದರು. ಒಂದು ಪಕ್ಷದವರು ಕಾಗದ ಹಿಡಿದವರು: ಅಪ್ಪ ಯಾರು, ತಾತ ಯಾರು, ಎಲ್ಲಿ ಗೆದ್ದಿದ್ದಾರೆ ಎನ್ನುವವರು. ಇನ್ನೊಂದು ಪಕ್ಷದವರು ಕಣ್ಣನ್ನು ನಂಬಿದವರು: ಎದೆ ಎಷ್ಟು ಅಗಲ, ಹೆಗಲು ಹೇಗೆ ಇಳಿದಿದೆ, ಕಾಲು ನೆಟ್ಟಗಿದೆಯೇ ಎನ್ನುವವರು. ಚಿಕ್ಕಪ್ಪ ಎರಡನೆಯ ಪಕ್ಷ. ‘ಕುದುರೆ ಓಡೋದು ಕಾಲಿನಿಂದ, ಕಾಗದದಿಂದಲ್ಲ’ ಎನ್ನುತ್ತಿದ್ದರು. ಅಕ್ಕಿ ಆರಿಸುತ್ತಿದ್ದ ಅಜ್ಜಿ ತಲೆಯೆತ್ತದೆ, ‘ನಮ್ಮಲ್ಲಿ ಹೆಣ್ಣು ನೋಡೋಕೆ ಹೋದಾಗಲೂ ಇದೇ ಜಗಳ ತಾನೇ ಕಣೋ’ ಎಂದುಬಿಡುತ್ತಿದ್ದರು.

ಕುಣಿಗಲ್ ಎಂದರೆ ಬೆಂಗಳೂರಿನಿಂದ ಹಾಸನದ ಕಡೆಗೆ ಹೋಗುವಾಗ ಸಿಗುವ ಊರು. ಕೆರೆಗೆ ಹೆಸರಾದದ್ದು. ಅಲ್ಲಿ ಕುದುರೆ ತಳಿ ಬೆಳೆಸುವ ಕೆಲಸ ಟೀಪು ಸುಲ್ತಾನನ ಕಾಲಕ್ಕೆ ಹೋಗುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಬ್ರಿಟಿಷರ ಮತ್ತು ಮೈಸೂರು ಸರ್ಕಾರದ ಕೈಗಳಲ್ಲಿ ಆಡಿ, ಸಿಲ್ಲೇದಾರ್ ಅಶ್ವದಳಕ್ಕೆ ಕುದುರೆ ಒದಗಿಸಿತು. ಸಿಲ್ಲೇದಾರನೆಂದರೆ ತನ್ನ ಕುದುರೆಯನ್ನು ತಾನೇ ತಂದು ಸಂಬಳಕ್ಕೆ ನಿಲ್ಲುವ ಸವಾರ. ಕುದುರೆ ಸತ್ತರೆ ಅವನ ಬದುಕೇ ಹೋಯಿತು. ಸ್ವಾತಂತ್ರ್ಯ ಬಂದ ಮೇಲೆ ಫಾರಂ ಪಶುಸಂಗೋಪನಾ ಇಲಾಖೆಗೆ ಸೇರಿತು, ರಣರಂಗದ ಕುದುರೆಯ ಬದಲು ರೇಸಿನ ಕುದುರೆ ಬೆಳೆಯಿತು. 1992ರಲ್ಲಿ ಅದನ್ನು 30 ವರ್ಷದ ಅವಧಿಗೆ ಖಾಸಗಿಯವರಿಗೆ ಗುತ್ತಿಗೆ ಕೊಟ್ಟರು.

ಇದರಲ್ಲಿ ಏನು ಮಹಾ ಎನಿಸಬಹುದು. ಅದಕ್ಕೆ ಹಿಂದಿನ ಕಥೆ ತಿಳಿದಿರಬೇಕು. ನಮ್ಮ ಕಡೆಯ ರಾಜರು ಶತಮಾನಗಳ ಕಾಲ ಒಳ್ಳೆಯ ಕುದುರೆಯನ್ನು ಹೊರಗಿನಿಂದ ಕೊಂಡರು. ಹರ್ಮುಜ್, ಏಡನ್ ಕಡೆಯಿಂದ ಹಡಗಿನಲ್ಲಿ ಅರಬ್ಬೀ ಕುದುರೆ ಬರಬೇಕು. ವಿಜಯನಗರದಲ್ಲಿದ್ದ ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿಟ್ಟಿರುವ ಒಂದು ಸಂಗತಿಯನ್ನು ಓದಿದಾಗ ನನಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು. ಸಾಳುವ ನರಸಿಂಹನು ಕುದುರೆಗಳನ್ನು ಬದುಕಿದ್ದರೂ ಸತ್ತರೂ ಸಾವಿರ ಪರ್ದಾವಿಗೆ ಮೂರರಂತೆ ಕೊಳ್ಳುತ್ತಿದ್ದನಂತೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಸಾಕು, ಪೂರ್ತಿ ಬೆಲೆ! ಕೃಷ್ಣದೇವರಾಯನು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದನೆಂದೂ ಆತ ಹೇಳುತ್ತಾನೆ. ರಾಜ್ಯದ ಎಷ್ಟು ಬೊಕ್ಕಸ ಹೀಗೆ ಸಮುದ್ರ ದಾಟಿರಬೇಕು, ನೀವೇ ಲೆಕ್ಕ ಹಾಕಿ.

ಇಲ್ಲೇ ಏಕೆ ಬೆಳೆಸಲಿಲ್ಲ? 13ನೆಯ ಶತಮಾನದ ಕೊನೆಯಲ್ಲಿ ತಮಿಳು ಸೀಮೆಗೆ ಬಂದ ಮಾರ್ಕೋ ಪೋಲೋ ಇದಕ್ಕೊಂದು ಉತ್ತರ ಕೊಡುತ್ತಾನೆ. ಶ್ರೇಷ್ಠ ಜಾತಿಯ ಹೆಣ್ಣಿಗೆ ಶ್ರೇಷ್ಠ ಜಾತಿಯ ಗಂಡನ್ನೇ ಕೂಡಿಸಿದರೂ ಅಲ್ಲಿ ಹುಟ್ಟುವ ಮರಿ ಕಾಲು ಸೊಟ್ಟಗಾದ, ಸವಾರಿಗೆ ಬಾರದ ಪ್ರಾಣಿ ಎನ್ನುತ್ತಾನೆ. ಕುದುರೆಗೆ ಅನ್ನ, ಮಾಂಸ ಬೇಯಿಸಿ ಹಾಕುತ್ತಾರೆ, ನೋಡಿಕೊಳ್ಳಲು ಬಲ್ಲವರಿಲ್ಲ ಎಂದೂ ಸೇರಿಸುತ್ತಾನೆ. ಕುಲದಲ್ಲಿ ಕೊರತೆ ಇಲ್ಲ, ಆದರೂ ಕಾಲು ಸೊಟ್ಟ. ಬಾಣಂತಿಗೂ ಮಗುವಿಗೂ ಏನು ಕೊಡಬೇಕೆಂದು ತಿಳಿಯದ ಮನೆಯಲ್ಲಿ ಎಂಥ ವಂಶವಾದರೇನು ಎಂದು ನಮ್ಮ ಅಜ್ಜಿ ಕೇಳಿದ್ದರೆ ಅನ್ನುತ್ತಿದ್ದರು. ನಾವಾದರೋ ಕುದುರೆಗೆಂದು ಹೆಸರಾದ ಹುರುಳಿಯಲ್ಲಿ ಸಾರು ಮಾಡಿ ಉಣ್ಣುವವರು. ಆ ಮಟ್ಟಿಗೆ ಜಾಣರು.

ಆದ್ದರಿಂದ ಕುಣಿಗಲ್ಲಿನಲ್ಲಿ ತಳಿ ಬೆಳೆಸಲು ಹೊರಟದ್ದು ಸಣ್ಣ ಸಾಹಸವಲ್ಲ. ಮೈಸೂರಿಗೆ ದನದ ವಿಷಯದಲ್ಲಿ ಆ ವಿದ್ಯೆ ಮೊದಲೇ ಒಲಿದಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟೀಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಫಿರಂಗಿ ಎಳೆದು ವೇಗವಾಗಿ ನಡೆಯುವ ಆ ಎತ್ತುಗಳನ್ನು ಕಂಡು ಇಂಗ್ಲಿಷರೇ ಬೆರಗಾದರು. ಆದರೆ 1860ರಲ್ಲಿ ಉಳಿತಾಯದ ಹೆಸರಿನಲ್ಲಿ ಅದನ್ನು ಮುಚ್ಚಿದರು. ಸೈನ್ಯಕ್ಕೆ ಎತ್ತು ಸಿಗದೆ ಪೇಚಿಗೆ ಬಿದ್ದು, 1866ರಲ್ಲಿ ಮತ್ತೆ ತೆರೆದರು. ತಳಿಯೆಂಬುದು ಅಂಗಡಿಯಲ್ಲ, ಬಾಗಿಲು ಹಾಕಿ ಬೇಕೆಂದಾಗ ತೆರೆಯಲು.

ಲಕ್ಷಣ ನೋಡುವ ವಿದ್ಯೆ ಮಾತ್ರ ನಮ್ಮಲ್ಲಿ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅಡುಗೆ, ಆಭರಣಗಳ ಜೊತೆಗೆ ಕುದುರೆಯೂ ಇದೆ. ಕನ್ನಡದಲ್ಲಿ ಅಭಿನವಚಂದ್ರ, ಪದ್ಮಣ ಪಂಡಿತ ಮೊದಲಾದವರು ಅಶ್ವಶಾಸ್ತ್ರ ಬರೆದರು. ಈ ಶಾಸ್ತ್ರಗಳ ಜೀವಾಳ ಸುಳಿ. ಗಂಟಲಿನಲ್ಲಿ ಸುಳಿಯಿದ್ದರೆ ದೇವಮಣಿ, ಮಹಾ ಶುಭ. ನಾಲ್ಕು ಕಾಲೂ ಮುಖವೂ ಬಿಳಿಯಾದರೆ ಪಂಚಕಲ್ಯಾಣಿ, ಅರಮನೆಗೆ ತಕ್ಕದ್ದು. ಇಂಗ್ಲಿಷರ ಹಳ್ಳಿಗಾದೆಯೊಂದು ನಾಲ್ಕೂ ಕಾಲು ಬೆಳ್ಳಗಿರುವ ಕುದುರೆಯನ್ನು ಕೊಳ್ಳಲೇಬೇಡ ಎನ್ನುತ್ತದಂತೆ. ಅದೇ ಕುದುರೆ, ಹಡಗು ಹತ್ತಿ ಇಳಿದರೆ ಜಾತಕವೇ ಬದಲು! ನಮ್ಮ ಹೆಣ್ಣುಮಕ್ಕಳ ನೆತ್ತಿಯಲ್ಲಿ ಎರಡು ಸುಳಿ ಕಂಡರೆ ಎರಡು ಮದುವೆ ಎಂದು ಹೆದರಿಸುವುದೂ ಈ ಶಾಸ್ತ್ರದ ಸೋದರಿಕೆಯದೇ ಇರಬೇಕು.

ಸುಳಿಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ ಎಂಬುದು ತಮಾಷೆ. ಅಮೆರಿಕದ ಟೆಂಪಲ್ ಗ್ರಾಂಡಿನ್ ಎಂಬ ವಿಜ್ಞಾನಿ ತಮ್ಮ ಸಹೋದ್ಯೋಗಿಗಳೊಂದಿಗೆ 1995ರಲ್ಲಿ ದನಗಳ ಹಣೆಯ ಸುಳಿಯನ್ನು ಅಳೆದರು. ಕಣ್ಣಿಗಿಂತ ಮೇಲೆ ಸುಳಿಯಿರುವ ದನಗಳು ಹಿಡಿದು ನಿಲ್ಲಿಸಿದಾಗ ಹೆಚ್ಚು ಬೆದರುವುದು ಕಂಡುಬಂತು. ಗರ್ಭದಲ್ಲಿ ಚರ್ಮವೂ ನರಮಂಡಲವೂ ಒಂದೇ ಪದರದಿಂದ ಬೆಳೆಯುತ್ತವೆ, ಕಾರಣ ಅಲ್ಲಿರಬಹುದು. ಆದರೆ ಬೆದರುವ ಸ್ವಭಾವ ಬೇರೆ, ಯಜಮಾನನಿಗೆ ಕೇಡು ಬೇರೆ. ಶಾಸ್ತ್ರ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿತು.

ಹಾಗಾದರೆ ಕುಲ? ಕೌಟಿಲ್ಯನ ಅರ್ಥಶಾಸ್ತ್ರ ಅಶ್ವಾಧ್ಯಕ್ಷನಿಗೆ ಪ್ರತಿ ಕುದುರೆಯ ಕುಲ, ವಯಸ್ಸು, ಬಣ್ಣ, ಗುರುತು, ವರ್ಗ, ಬಂದ ಮೂಲ ಇಷ್ಟನ್ನೂ ಬರೆಸಿಡಲು ಹೇಳುತ್ತದೆ. ಪಟ್ಟಿಯಲ್ಲಿ ಕುಲ ಮೊದಲು ಬರುತ್ತದೆ ನೋಡಿ. ಆದರೆ ಶ್ರೇಷ್ಠವಾದುವನ್ನು ಹೆಸರಿಸುವಾಗ ಕಾಂಬೋಜ, ಸಿಂಧು, ಆರಟ್ಟ, ವನಾಯು ಎಂದು ದೇಶಗಳನ್ನೇ ಹೇಳುತ್ತದೆ. ಬನಾರಸ್ ಸೀರೆ, ಮೊಳಕಾಲ್ಮೂರು ಸೀರೆ ಎಂದ ಹಾಗೆ. ಇಂಥ ತಾಯಿಯ ಇಂಥ ಮಗಳು ಎಂದು ತಲೆತಲಾಂತರ ಬರೆದಿಟ್ಟ ಹೊತ್ತಿಗೆ ನಮ್ಮಲ್ಲಿ ಉಳಿದು ಬರಲಿಲ್ಲ.

ಆ ಹೊತ್ತಿಗೆಯನ್ನು ಮಾಡಿದವರು ಇಂಗ್ಲೆಂಡಿನವರು. 1791ರಲ್ಲಿ, ಇಲ್ಲಿ ಟೀಪು ಮೂರನೆಯ ಮೈಸೂರು ಯುದ್ಧದಲ್ಲಿ ತೊಡಗಿದ್ದಾಗ, ಲಂಡನ್ನಿನಲ್ಲಿ ವೆದರ್ಬಿ ಎಂಬಾತ ರೇಸ್ ಕುದುರೆಗಳ ವಂಶಾವಳಿಯನ್ನು ಮೊದಲ ಬಾರಿಗೆ ಅಚ್ಚು ಹಾಕಿಸಿದ. ಇಂದಿಗೂ ಥರೋಬ್ರೆಡ್ ಎನಿಸಿಕೊಳ್ಳಬೇಕಾದರೆ ಎರಡೂ ಕಡೆಯ ಹಿರಿಯರು ಇಂಥ ಪುಸ್ತಕದಲ್ಲಿರಬೇಕು. ಭಾರತದ್ದನ್ನು ಪುಣೆಯಲ್ಲಿ ಇಡುತ್ತಾರೆ. ಈ ಇಡೀ ಜಾತಿಗೆ ಮೂಲಪುರುಷರು ಮೂವರೇ ಗಂಡು ಕುದುರೆಗಳು: ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗಾಡಾಲ್ಫಿನ್ ಅರೇಬಿಯನ್. ಡಾರ್ಲಿ 1704ರಲ್ಲಿ ಸಿರಿಯಾದ ಅಲೆಪ್ಪೋದಿಂದ ಹೋದದ್ದು. ಇಂದಿನ ಥರೋಬ್ರೆಡ್ ಗಂಡುಗಳಲ್ಲಿ ಸುಮಾರು 95 ಶೇಕಡದ ತಂದೆಯ ಸಾಲು ಅದೊಂದಕ್ಕೇ ಹೋಗುತ್ತದೆಂದು 2001ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಆಂಗೀರಸ, ಭಾರದ್ವಾಜ ಎನ್ನುವ ನಮಗೆ ಇದು ಅಪರಿಚಿತವೇ?

ತಾಯಂದಿರು? ಮೊದಲ ಪುಟಗಳಲ್ಲಿ ಎಷ್ಟೋ ತಾಯಂದಿರಿಗೆ ಸ್ವಂತ ಹೆಸರಿಲ್ಲ. ಇಂಥ ದೊರೆಯ ಕುದುರೆ, ಇಂಥವನ ಮಗಳು, ಅಷ್ಟೆ. ಅವೆಲ್ಲ ಪೂರ್ವದೇಶದ ಕುಲೀನೆಯರೇ ಎಂದು ಬಹುಕಾಲ ಜಂಬ ಕೊಚ್ಚಿಕೊಂಡರು. ತಾಯಿಯಿಂದ ಮಾತ್ರ ಬರುವ ಒಂದು ಬಗೆಯ ಡಿಎನ್‌ಎ ಇದೆ. ಅದನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳಿತು: ಆ ಮೂಲಮಾತೆಯರಲ್ಲಿ ಬ್ರಿಟನ್, ಐರ್ಲೆಂಡಿನ ನಾಡ ಕುದುರೆಗಳೂ ಬಹಳ ಇದ್ದವು. ಅರಬ್ಬಿಯ ಹೆಸರು ಹೊತ್ತ ವಂಶವನ್ನು ಹೆತ್ತು ಸಾಕಿದ್ದು ಹೆಸರಿಲ್ಲದ ಊರ ಹೆಣ್ಣುಗಳು.

ಆದರೂ ಕುದುರೆಯವರು ಒಂದು ವಿಷಯದಲ್ಲಿ ನಮಗಿಂತ ಮೇಲು. ಒಂದೇ ತಾಯಿಯ ಮಕ್ಕಳಾದರೆ ಮಾತ್ರ ಅವರು ಎರಡು ಕುದುರೆಗಳನ್ನು ಅಕ್ಕತಂಗಿ, ಅಣ್ಣತಮ್ಮ ಎನ್ನುತ್ತಾರೆ. ತಂದೆ ಒಂದೇ ಆದರೆ ಆ ಮಾತು ಆಡುವುದಿಲ್ಲ. ಹೆಸರಾದ ಗಂಡಿಗೆ ವರ್ಷಕ್ಕೆ ನೂರಕ್ಕೂ ಮೇಲೆ ಮಕ್ಕಳು ಹುಟ್ಟಬಹುದು. ತಾಯಿಯಾದರೋ ಹನ್ನೊಂದು ತಿಂಗಳು ಹೊತ್ತು ಒಂದೇ ಮರಿ ಹಾಕುತ್ತಾಳೆ. ಹರಾಜಿನ ಪಟ್ಟಿಯಲ್ಲಿ ಪುಟದ ಬಹುಭಾಗ ತಾಯಿ, ಅಜ್ಜಿ, ಮುತ್ತಜ್ಜಿ, ಅವರ ಮಕ್ಕಳು ಏನೇನು ಗೆದ್ದರು ಎಂಬ ವಿವರಕ್ಕೇ ಮೀಸಲು. ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂದು ಗಾದೆ ಕಟ್ಟಿದವರು ನಾವು, ಲೆಕ್ಕ ಇಟ್ಟವರು ಅವರು.

ಇದು ನನಗೆ ಚುಚ್ಚಿದ್ದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ನನ್ನ ಕಣ್ಣಿನ ಒತ್ತಡ ಹೆಚ್ಚಾಗಿ ವೈದ್ಯರಲ್ಲಿಗೆ ಹೋದೆ. ಗ್ಲಾಕೋಮಾ ಇರಬಹುದೆಂದು ಅನುಮಾನಿಸಿದ ಆಕೆ, ‘ನಿಮ್ಮ ಮನೆಯಲ್ಲಿ ಹಿಂದೆ ಯಾರಿಗಾದರೂ ಇತ್ತೇನಮ್ಮ? ತಾಯಿ ಕಡೆ?’ ಎಂದರು. ನಮ್ಮ ತಂದೆಯ ಮನೆಯಲ್ಲಿ ಗಾಜು ಹಾಕಿಸಿದ ವಂಶವೃಕ್ಷ ಇದೆ. ಏಳು ತಲೆ ಬಾಯಿಗೆ ಬರುತ್ತದೆ, ಒಂದು ತಲೆಗೂ ಹೆಂಡತಿ ಇಲ್ಲ. ಗಿಡದಿಂದ ಟೊಂಗೆ ಒಡೆದ ಹಾಗೆ ಗಂಡಸರಿಂದ ಗಂಡಸರು ಹುಟ್ಟಿದ್ದಾರೆ! ತಾಯಿಯ ಕಡೆ ನನಗೆ ಅಮ್ಮಮ್ಮನಾಚೆ ಹೆಸರೇ ಗೊತ್ತಿಲ್ಲ. ಅಮ್ಮಮ್ಮ ಕೊನೆಯ ಹತ್ತು ವರ್ಷ ಗೋಡೆ ಹಿಡಿದು ಓಡಾಡಿದರು. ‘ವಯಸ್ಸಾಯಿತು’ ಎಂದರು ಎಲ್ಲರೂ. ಅವರ ತಾಯಿಗೂ ಹಾಗೆಯೇ ಆಗಿತ್ತೆಂದು ನೆನಪಿನಲ್ಲಿಟ್ಟಿದ್ದವರು ತುಮಕೂರಿನ ಒಬ್ಬ ದೊಡ್ಡಮ್ಮ. ಅವರಿಗೆ ಫೋನು ಮಾಡಿ ಕೇಳಿದ ಮೇಲೆಯೇ ವೈದ್ಯರಿಗೆ ಉತ್ತರ ಕೊಡಲಾದದ್ದು. ನನ್ನ ಮಗಳೂ ತಂಗಿಯರೂ ಆ ವಾರವೇ ಕಣ್ಣು ತೋರಿಸಿಕೊಂಡರು. ತಂಗಿಯೊಬ್ಬಳಿಗೆ ಆಗಲೇ ಶುರುವಾಗಿತ್ತು. ಹನಿ ಹಾಕಿಕೊಂಡು ಈಗ ನೆಮ್ಮದಿಯಾಗಿದ್ದಾಳೆ.

ಮತ್ತೆ ಚಿಕ್ಕಪ್ಪನ ಪಕ್ಷಕ್ಕೆ ಬರೋಣ. ಅವರು ಕುದುರೆಯನ್ನು ನೋಡುತ್ತಿದ್ದುದು ಕೆಳಗಿನಿಂದ ಮೇಲಕ್ಕೆ. ಮೊದಲು ಗೊರಸು, ಆಮೇಲೆ ಅದರ ಮೇಲಿನ ಗಿಣ್ಣು, ಆಮೇಲೆ ಮೊಣಕಾಲು; ಮುಖ ಕೊನೆಗೆ. ‘ಮುಖ ನೋಡಿ ಮರುಳಾಗಬಾರದು ಪುಟ್ಟಿ, ಅದು ಸಿನಿಮಾದವರಿಗೆ’ ಎನ್ನುತ್ತಿದ್ದರು. ಕುದುರೆಯ ಮುಂಗಾಲಿನಲ್ಲಿ ಮೊಣಕಾಲಿನಿಂದ ಕೆಳಗೆ ಮಾಂಸವೇ ಇಲ್ಲ. ಮೂಳೆ ಮತ್ತು ನಾರು. ಸುಮಾರು 500 ಕಿಲೋ ತೂಗುವ ಪ್ರಾಣಿ ನಾಗಾಲೋಟದಲ್ಲಿದ್ದಾಗ ಒಂದು ಕ್ಷಣ ಒಂದೇ ಮುಂಗಾಲು ನೆಲದ ಮೇಲಿರುತ್ತದೆ. ಆಗ ಅದರ ಮೇಲೆ ಬೀಳುವ ಭಾರ ಮೈತೂಕದ ಎರಡೂವರೆಯಷ್ಟು. ಮೊಣಕಾಲು ಹಿಂದಕ್ಕೆ ಬಾಗಿದ್ದರೆ ಪ್ರತಿ ಹೆಜ್ಜೆಗೂ ಒಳಗಿನ ಸಣ್ಣ ಮೂಳೆಗಳು ಒಂದಕ್ಕೊಂದು ಒತ್ತಿ ಜಜ್ಜುತ್ತವೆ. ಗಿಣ್ಣು ತೀರ ಉದ್ದವಾದರೆ ನಾರು ಹರಿಯುತ್ತದೆ, ತೀರ ಗಿಡ್ಡವಾದರೆ ಏಟು ನೇರ ಮೇಲಕ್ಕೆ ಹತ್ತುತ್ತದೆ. ಸೀರೆಯ ಅಂಚು ನೋಡಿ ಒಪ್ಪುವವರು ಬಹಳ, ತಿರುಗಿಸಿ ನೂಲು ನೋಡುವವರು ಕಡಿಮೆ.

ಆದರೆ ಕಣ್ಣಿಗೂ ಮೋಸವಿದೆ. ಈಗ ಮರಿಯ ಕಾಲು ಸೊಟ್ಟಗಿದ್ದರೆ ಎಲುಬು ಬೆಳೆಯುವ ಜಾಗಕ್ಕೆ ಸ್ಕ್ರೂ ಹಾಕಿ ಕೆಲವು ವಾರಗಳಲ್ಲಿ ನೆಟ್ಟಗೆ ಮಾಡುತ್ತಾರೆ. ಹರಾಜಿನ ದಿನ ಚಿನ್ನದಂಥ ಕಾಲು. ಅದರ ಮಕ್ಕಳಿಗೆ ಮಾತ್ರ ಹಳೆಯ ಸೊಟ್ಟ ಕಾಲೇ ಬಂದೀತು, ಸ್ಕ್ರೂ ರಕ್ತಕ್ಕೆ ಇಳಿಯುವುದಿಲ್ಲವಲ್ಲ. ಓಡುವ ಕುದುರೆಗೆ ಈ ಚಿಕಿತ್ಸೆ ಉಪಕಾರ. ಬೀಜಕ್ಕೆ ಇಡುವ ಕುದುರೆಗೆ ಇದನ್ನು ಮುಚ್ಚಿಡುವುದು ದ್ರೋಹ ಎಂದೇ ನನಗನ್ನಿಸುತ್ತದೆ.

ಎರಡು ಪಕ್ಷವೂ ಮುಖಭಂಗ ಅನುಭವಿಸಿದ ಕಥೆಗಳು ಬೇಕಾದಷ್ಟಿವೆ. ಕೆನಡಾದಲ್ಲಿ 1961ರಲ್ಲಿ ಹುಟ್ಟಿದ ನಾರ್ದರ್ನ್ ಡ್ಯಾನ್ಸರ್ ಗಿಡ್ಡಗಿದ್ದಾನೆಂದು 25,000 ಡಾಲರಿಗೂ ಯಾರೂ ಕೊಳ್ಳಲಿಲ್ಲ. ಅವನು 1964ರಲ್ಲಿ ಕೆಂಟಕಿ ಡರ್ಬಿ ಗೆದ್ದು, ಶತಮಾನದ ಮಹಾಪಿತನಾದ. ಅವನ ಹೆಸರಿಗೇ ಮಾರುಹೋಗಿ 1983ರಲ್ಲಿ ಅವನ ಮಗನೊಬ್ಬನಿಗೆ, ಸ್ನಾಫಿ ಡ್ಯಾನ್ಸರ್ ಎಂಬುವನಿಗೆ, 1 ಕೋಟಿ 2 ಲಕ್ಷ ಡಾಲರ್ ಸುರಿದರು. ಅವನು ಒಂದು ರೇಸನ್ನೂ ಓಡಲಿಲ್ಲ. ಬೀಜಕ್ಕೆ ಬಿಟ್ಟರೆ ಹುಟ್ಟಿದ್ದು ನಾಲ್ಕೇ ಮರಿ. ಹೋಗಲಿ, ಮೈಕಟ್ಟನ್ನೂ ವೇಗವನ್ನೂ ಕಣ್ಣಾರೆ ನೋಡಿ ಕೊಂಡರೋ? 2006ರಲ್ಲಿ ಗ್ರೀನ್ ಮಂಕಿ ಎಂಬ ಕುದುರೆಯ ಓಟವನ್ನು ಗಡಿಯಾರ ಹಿಡಿದು ನೋಡಿ 1 ಕೋಟಿ 60 ಲಕ್ಷ ಡಾಲರ್ ಕೊಟ್ಟರು. ಮೂರು ಸಲ ಓಡಿತು, ಒಂದು ಸಲವೂ ಗೆಲ್ಲಲಿಲ್ಲ.

ನಮ್ಮ ದೇಶದ ಉದಾಹರಣೆ ರಜೀನ್. ಇವನೂ ನಾರ್ದರ್ನ್ ಡ್ಯಾನ್ಸರನ ಮಗ. 1990ರ ಇಂಗ್ಲಿಷ್ ಡರ್ಬಿಯಲ್ಲಿ ಗೆದ್ದೇ ಗೆಲ್ಲುತ್ತಾನೆಂದು ಎಲ್ಲರೂ ಹಣ ಕಟ್ಟಿದರು, ಅವನು ಹಿಂದೆ ಬಿದ್ದ. ಆಮೇಲೆ ಉತ್ತರ ಭಾರತದ ಉಷಾ ಸ್ಟಡ್‌ಗೆ ಬಂದು, ಹಲವು ವರ್ಷ ದೇಶದ ಅಗ್ರ ಪಿತನೆನಿಸಿದ. ಓಡಿ ತೋರಿಸದಿದ್ದುದನ್ನು ಹುಟ್ಟಿಸಿ ತೋರಿಸಿದ ಎನ್ನಬೇಕು.

ಎಡಿನ್‌ಬರೋ ವಿಶ್ವವಿದ್ಯಾಲಯದ ಇಬ್ಬರು 2008ರಲ್ಲಿ ಸಾವಿರಾರು ಕುದುರೆಗಳ ಲೆಕ್ಕ ತೆಗೆದರು. ಕುದುರೆಗಳ ಗಳಿಕೆಯಲ್ಲಿ ಕಾಣುವ ಹೆಚ್ಚುಕಡಿಮೆಯ ಸುಮಾರು 10 ಶೇಕಡ ಮಾತ್ರ ವಂಶದ ಪಾಲು. ಉಳಿದದ್ದು ಮೇವು, ಆರೈಕೆ, ತರಬೇತಿ, ಸವಾರ, ಅದೃಷ್ಟ. ಮಾರ್ಕೋ ಪೋಲೋ ಸೊಟ್ಟ ಕಾಲಿನ ಮರಿಯನ್ನು ನೋಡಿ ಹೇಳಿದ್ದಕ್ಕೆ ಇದು ಬಹಳ ದೂರವಲ್ಲ. ಆ 10 ಶೇಕಡ ಸಣ್ಣದೇನಲ್ಲ, ತಲೆಮಾರಿನಿಂದ ತಲೆಮಾರಿಗೆ ಕೂಡುತ್ತ ಹೋಗುವುದು ಅದೊಂದೇ. ಅಲ್ಲದೆ ಬೀಜದ ಗಂಡಿನ ಯೋಗ್ಯತೆಗೆ ನಿಜವಾದ ಸಾಕ್ಷಿ ಕಾಗದವೂ ಅಲ್ಲ, ಕಾಲೂ ಅಲ್ಲ, ಅದರ ಮಕ್ಕಳು. ಮರಿ ಹುಟ್ಟಲು 11 ತಿಂಗಳು, ಓಡಲು ಇನ್ನೆರಡು ಮೂರು ವರ್ಷ. ಗೊತ್ತಾಗುವ ಹೊತ್ತಿಗೆ ಮತ್ತೆ ಮೂರು ನಾಲ್ಕು ಸಾಲು ಮರಿಗಳು ಹುಟ್ಟಿರುತ್ತವೆ. ಅಷ್ಟರವರೆಗೆ ಕಾಗದ, ಕಾಲು ಎರಡನ್ನೂ ಹಿಡಿದು ಊಹೆ ಮಾಡುವುದೇ ದಾರಿ. ಕಾಗದದಲ್ಲಿ ತಾಯಿಯ ಪುಟ ಮೊದಲು ಓದಿ, ಆಮೇಲೆ ಕಾಲು ನೋಡುವುದು ನನ್ನ ಆಯ್ಕೆ. ಚಿಕ್ಕಪ್ಪ ಒಪ್ಪುತ್ತಿರಲಿಲ್ಲ.

ವಂಶಾವಳಿಯೇ ಬೇಡದ ಕುದುರೆಗಳೂ ಇದ್ದವು. ಬ್ರಿಟಿಷರ ಕಾಲದಲ್ಲಿ ಭಾರತದ ಅಶ್ವದಳಗಳಿಗೆಂದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಿಂದ ಹಡಗುಗಟ್ಟಲೆ ಬರುತ್ತಿದ್ದ ವೇಲರ್‌ಗಳು ಬೆರಕೆ. ಗಟ್ಟಿ ಬೆನ್ನು, ಗಟ್ಟಿ ಗೊರಸು ನೋಡಿ ಆರಿಸಿದವು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆಗೂಡಿ ಹೈಫಾ ಪಟ್ಟಣವನ್ನು ಗೆದ್ದ ನಮ್ಮ ಮೈಸೂರು ಲ್ಯಾನ್ಸರ್ಸ್ ಮೆಷಿನ್‌ಗನ್ನುಗಳಿಗೆ ಎದುರಾಗಿ ಭರ್ಜಿ ಹಿಡಿದು ನುಗ್ಗಿದಾಗ, ಅವರ ಕೆಳಗಿದ್ದ ಪ್ರಾಣಿಯ ಮುತ್ತಜ್ಜಿ ಯಾರೆಂದು ಯಾರೂ ಕೇಳಿರಲಾರರು. ಕೇಳಬೇಕಾಗಿದ್ದುದು ಬೆದರುತ್ತದೋ ಇಲ್ಲವೋ ಎಂದು.

ಕುಣಿಗಲ್ಲಿನ ಗುತ್ತಿಗೆಯ ಮೂವತ್ತು ವರ್ಷ ತುಂಬಿದ ಮೇಲೆ ಆ ನೆಲದಲ್ಲಿ ಟೌನ್‌ಶಿಪ್ ಕಟ್ಟುವ ಮಾತು ಎದ್ದು, ಊರಿನವರ ವಿರೋಧವೂ ಎದ್ದಿತು. ಹುಲ್ಲುಗಾವಲೂ ದೊಡ್ಡ ಮರಗಳೂ ಇರುವ ನಾನೂರಕ್ಕೂ ಹೆಚ್ಚು ಎಕರೆ ಅದು. ಅಮೃತಮಹಲನ್ನು ಮುಚ್ಚಿ ತೆರೆದ ಆ ಆರು ವರ್ಷ ನನಗೆ ನೆನಪಾಗುತ್ತದೆ. ಮೈಸೂರಿನಲ್ಲಿ ಈಗ ಕುದುರೆ ಎಂದರೆ ಚಾಮುಂಡಿ ಬೆಟ್ಟದ ತಪ್ಪಲಿನ ರೇಸ್‌ಕೋರ್ಸು, ಅರಮನೆಯ ಸುತ್ತ ಕೆಲವು ಟಾಂಗಾ, ಪೊಲೀಸರ ಅಶ್ವದಳ, ನವರಾತ್ರಿಯಲ್ಲಿ ಅರಮನೆಯ ಪಟ್ಟದ ಕುದುರೆ. ದಸರೆಗೆ ಕೆಲವು ದಿನ ಮುಂಚೆ ಆನೆ, ಕುದುರೆಗಳನ್ನು ನಿಲ್ಲಿಸಿ ಕುಶಾಲತೋಪು ಹಾರಿಸಿ ಅಭ್ಯಾಸ ಮಾಡಿಸುತ್ತಾರೆ. ಮೊದಲ ಸದ್ದಿಗೆ ಕೆಲವು ಹಿಂದೆ ಸರಿಯುತ್ತವೆ, ಕೆಲವು ಕಿವಿ ಆಡಿಸಿ ಸುಮ್ಮನಾಗುತ್ತವೆ. ಹಿಂದೆ ಸರಿದವನ್ನು ಮತ್ತೊಂದು ದಿನ ಕರೆತಂದು, ಇನ್ನೊಮ್ಮೆ ಸಿಡಿಸಿ ನೋಡುತ್ತಾರೆ.